ಲೆಕ್ಕ ಕೇಳಿದವರ ಋಣ: ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಮತ್ತು ಬಳ್ಳಾರಿ ಸೀಮೆ

ಸರ್ಕಾರ ಖರ್ಚು ಮಾಡಿದ ರೊಕ್ಕಕ್ಕೆ ಜನಪ್ರತಿನಿಧಿಗಳು ಲೆಕ್ಕ ಕೇಳಬಹುದು ಎಂಬ ಪದ್ಧತಿ ಬಳ್ಳಾರಿ ಸೀಮೆಗೆ ಬಂದು ನೂರು ವರ್ಷ ದಾಟಿತು. 1919ರ ಭಾರತ ಸರ್ಕಾರ ಕಾಯ್ದೆಯ ಫಲವಾಗಿ 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಹುಟ್ಟಿತು. ಪ್ರಾಂತ್ಯಗಳ ಶಾಸನ ಪರಿಷತ್ತುಗಳಿಗೂ ಅಂಥದೇ ಸಮಿತಿಗಳು ಬಂದವು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. ಸಿರುಗುಪ್ಪದ ರಸ್ತೆಗೋ ಬಳ್ಳಾರಿಯ ಆಸ್ಪತ್ರೆಗೋ ಆದ ಸರ್ಕಾರಿ ಖರ್ಚಿನ ವಿಷಯದಲ್ಲಿ ಆಕ್ಷೇಪ ಎದ್ದರೆ ಅದು ವಿಚಾರಣೆಗೆ ಹೋಗುತ್ತಿದ್ದದ್ದು ಮದರಾಸಿನ ಆ ಸಮಿತಿಯ ಮುಂದೆ.

ಆ ಕಾಲದ ಸಮಿತಿಗೆ ಹಲ್ಲು ಕಡಿಮೆ. ಅಧ್ಯಕ್ಷರ ಪೀಠದಲ್ಲಿ ಕೂರುತ್ತಿದ್ದವರು ಸರ್ಕಾರದ ಹಣಕಾಸು ಸದಸ್ಯರೇ. ರೊಕ್ಕ ಹಂಚಿದವರೇ ಲೆಕ್ಕ ನೋಡುವ ಸಭೆಯನ್ನೂ ನಡೆಸಿದರೆ ಪ್ರಶ್ನೆ ಎಷ್ಟು ಚೂಪಾಗಿರಲು ಸಾಧ್ಯ? ಈ ಕೊರತೆ ನೀಗಿದ್ದು 1950ರ ಜನವರಿ 26ರಂದು. ಸಂವಿಧಾನ ಜಾರಿಯಾದ ಆ ದಿನದಿಂದ ಸಂಸತ್ತಿನ ಸಮಿತಿ ಸಭಾಧ್ಯಕ್ಷರ ಅಧೀನಕ್ಕೆ ಬಂತು. 1967ರಲ್ಲಿ ವಿರೋಧ ಪಕ್ಷದ ಎಂ.ಆರ್. ಮಸಾನಿಯವರು ಅಧ್ಯಕ್ಷರಾದ ಮೇಲೆ ವಿರೋಧ ಪಕ್ಷದವರಿಗೇ ಆ ಸ್ಥಾನ ಕೊಡುವ ಸಂಪ್ರದಾಯ ಬೆಳೆಯಿತು. ಕರ್ನಾಟಕ ವಿಧಾನಮಂಡಲದಲ್ಲೂ ಅದೇ ಸಂಪ್ರದಾಯವಿದೆ. ನಮ್ಮ ಸಮಿತಿಯಲ್ಲಿ ಇಪ್ಪತ್ತು ಜನ, ವಿಧಾನಸಭೆಯಿಂದ ಹದಿನೈದು, ಪರಿಷತ್ತಿನಿಂದ ಐದು. ಮಂತ್ರಿಗಳಿಗೆ ಅಲ್ಲಿ ಜಾಗವಿಲ್ಲ.

ಲೆಕ್ಕ ಒಪ್ಪಿಸುವುದು ಈ ಸೀಮೆಗೆ ಹೊಸದೇನಾಗಿರಲಿಲ್ಲ. ಬಳ್ಳಕುಂದೆ ನಾಡನ್ನು ಆಳಿದ ಸಿಂದರು ಕುರುಗೋಡನ್ನು ರಾಜಧಾನಿ ಮಾಡಿಕೊಂಡಿದ್ದರು. ಆ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ಯಾವ ಕೋಲಿನಿಂದ ಅಳೆದರು, ಎಷ್ಟು ಮತ್ತರು (ಆಗಿನ ಭೂಮಿಯ ಅಳತೆ) ಎಂಬುದನ್ನು ಕಲ್ಲಿನ ಮೇಲೆ ಕೊರೆಸುವ ರೂಢಿಯಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೀಗೆ ಬಿಟ್ಟುಕೊಟ್ಟ ‘ದತ್ತ ಮಂಡಲ’ಗಳ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದ. 1802ರಲ್ಲಿ ಅವನು ಹೊಲಹೊಲದ ಅಳತೆ ಶುರು ಮಾಡಿಸಿದ. 33 ಅಡಿಯ ಸರಪಳಿ, ಅಂಥ 40 ಚದರ ಸರಪಳಿಗೆ ಒಂದು ಎಕರೆ. ಆ ಪದ್ಧತಿಯಲ್ಲಿ ನನ್ನ ಕಣ್ಣಿಗೆ ಬೀಳುವುದು ಸರಪಳಿಗಿಂತ ಹೆಚ್ಚಾಗಿ ಮರುಅಳತೆ. ಒಬ್ಬ ಅಳೆದದ್ದನ್ನು ಪರೀಕ್ಷಿಸಲು ಬೇರೆಯವರು ಹೋಗುತ್ತಿದ್ದರು. ಅಳೆದವನ ಮಾತನ್ನು ಅಳೆದವನ ಮೇಲೆಯೇ ಬಿಡಬಾರದು ಎಂಬ ತಿಳಿವಳಿಕೆ ಅದು. ಇವತ್ತಿನ ಲೆಕ್ಕಪರಿಶೋಧನೆಯ ಮೊದಲ ಪಾಠವೂ ಅದೇ.

ಆದರೆ ಆ ಲೆಕ್ಕ ಹರಿಯುತ್ತಿದ್ದದ್ದು ಒಂದೇ ದಿಕ್ಕಿಗೆ. ರೈತ ಊರಿನ ಲೆಕ್ಕಿಗ ಕರಣಂಗೆ ಹೇಳಬೇಕು, ಕರಣಂ ತಹಸೀಲ್ದಾರರಿಗೆ ಒಪ್ಪಿಸಬೇಕು, ತಹಸೀಲ್ದಾರರು ವರ್ಷಕ್ಕೊಮ್ಮೆ ಜಮಾಬಂದಿ ಎಂಬ ಲೆಕ್ಕ ತಪಾಸಣೆಯಲ್ಲಿ ಕಲೆಕ್ಟರ ಮುಂದೆ ಕಡತ ಬಿಚ್ಚಬೇಕು. ಕಲೆಕ್ಟರು ರೈತನಿಗೆ ಲೆಕ್ಕ ಕೊಡುವ ಪ್ರಮೇಯವೇ ಇರಲಿಲ್ಲ. 1921ರ ಸಮಿತಿ ಎಷ್ಟೇ ದುರ್ಬಲವಾಗಿದ್ದರೂ ಆ ದಿಕ್ಕನ್ನು ತಿರುಗಿಸಿತು. ಹಾಗಾಗಿ 2021ರ ಡಿಸೆಂಬರಿನಲ್ಲಿ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ನಡೆದ ಅದರ ಶತಮಾನೋತ್ಸವ ನಮ್ಮಂಥ ದೂರದ ಜಿಲ್ಲೆಯವರಿಗೂ ಸೇರಿದ ಹಬ್ಬ.

1953ರಲ್ಲಿ ಬಳ್ಳಾರಿಯ ವಿಳಾಸ ಬದಲಾಯಿತು. ಬಳ್ಳಾರಿ ತಾಲ್ಲೂಕು ಆಂಧ್ರಕ್ಕೋ ಮೈಸೂರಿಗೋ ಎಂಬ ವಿವಾದವನ್ನು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಪರಿಶೀಲಿಸಿದರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು ಮೊದಲಾದವು ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರಿದವು. ಕುರುಗೋಡು ಆಗ ಬಳ್ಳಾರಿ ತಾಲ್ಲೂಕಿನ ಭಾಗ. ಆ ದಿನದಿಂದ ನಮ್ಮ ಕಡತಗಳು ಮದರಾಸಿನ ದಾರಿ ಬಿಟ್ಟು ಬೆಂಗಳೂರಿನ ದಾರಿ ಹಿಡಿದವು. ಅದೇ ವರ್ಷ ತುಂಗಭದ್ರಾ ಅಣೆಕಟ್ಟೆಯೂ ಸಿದ್ಧವಾಯಿತು. ಅಲ್ಲಿಂದ ಮುಂದೆ ಈ ಜಿಲ್ಲೆಯ ಖರ್ಚಿನ ಕಥೆಯಲ್ಲಿ ನೀರಿನದೇ ದೊಡ್ಡ ಪಾಲು.

ಒಂದು ಆಕ್ಷೇಪಣೆ ಬಳ್ಳಾರಿಯ ಕಚೇರಿಯಿಂದ ವಿಧಾನಸೌಧದವರೆಗೆ ಹೇಗೆ ಹೋಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಹೊರಗಿನವರಿಗೆ ಕಾಣುವುದು ಕೊನೆಯ ವರದಿಯ ಪತ್ರಿಕಾ ತಲೆಬರಹ ಮಾತ್ರ. ಕೆಲಸ ಶುರುವಾಗುವುದು ಯಾವುದೋ ಎಂಜಿನಿಯರಿಂಗ್ ವಿಭಾಗದ ಒಂದು ಕೋಣೆಯಲ್ಲಿ. ಮಹಾಲೇಖಪಾಲರ ಕಚೇರಿಯಿಂದ ಬಂದ ತಂಡ ನಗದು ಪುಸ್ತಕ, ವೋಚರು, ಟೆಂಡರ್ ಕಡತ, ಅಳತೆ ಪುಸ್ತಕ ತರಿಸಿಕೊಂಡು ಕೂರುತ್ತದೆ. ಅಳತೆ ಪುಸ್ತಕವನ್ನು ಎಲ್ಲರೂ ಕರೆಯುವುದು ಎಂ.ಬಿ. ಎಂದೇ. ಕಾಲುವೆಯ ಲೈನಿಂಗ್ ಎಷ್ಟು ಮೀಟರ್ ಆಯಿತು, ಯಾವ ತಾರೀಕಿಗೆ ಅಳೆದರು, ಯಾರ ಸಹಿ ಎಂಬುದು ಅದರಲ್ಲಿ ಇರಬೇಕು. ಬಿಲ್ಲಿನಲ್ಲಿರುವ ಮೀಟರಿಗೂ ಎಂ.ಬಿ.ಯಲ್ಲಿರುವ ಮೀಟರಿಗೂ ತಾಳೆಯಾಗದಿದ್ದರೆ, ಅಥವಾ ಅಳತೆಯ ತಾರೀಕು ಕೆಲಸದ ಆದೇಶಕ್ಕಿಂತ ಹಿಂದಿನದಾಗಿದ್ದರೆ, ಪರಿಶೋಧಕರು ಹಾಫ್ ಮಾರ್ಜಿನ್ ಬರೆಯುತ್ತಾರೆ. ಹಾಳೆಯನ್ನು ಉದ್ದಕ್ಕೆ ಎರಡು ಪಾಲು ಮಾಡಿ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಕಚೇರಿಯ ಉತ್ತರ. ಕೆಳಗೆ ಎರಡೂ ಕಡೆಯ ಸಹಿ. ಎಷ್ಟೋ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ. ಕಳೆದುಹೋದ ರಸೀದಿ ಸಿಗುತ್ತದೆ, ಕೂಡುವಾಗ ಆದ ತಪ್ಪನ್ನು ತಿದ್ದಲಾಗುತ್ತದೆ. ಬಗೆಹರಿಯದವು ಪರಿಶೀಲನಾ ವರದಿಗೆ ಹೋಗುತ್ತವೆ. ಅದರಲ್ಲಿ ತೂಕವಿದ್ದದ್ದು ಕರಡು ಕಂಡಿಕೆಯಾಗಿ ಇಲಾಖೆಯ ಕಾರ್ಯದರ್ಶಿಗೆ ಹೋಗುತ್ತದೆ, ಅಲ್ಲಿಯೂ ಸಮಾಧಾನದ ಉತ್ತರ ಬರದಿದ್ದರೆ ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ (ಸಿಎಜಿ) ವರದಿಯಲ್ಲಿ ಅಚ್ಚಾಗುತ್ತದೆ. ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ, ಪ್ಯಾರಾ ಬಿತ್ತು.

ಸಂವಿಧಾನದ 151ನೇ ವಿಧಿಯ ಪ್ರಕಾರ ಆ ವರದಿ ರಾಜ್ಯಪಾಲರಿಗೆ ಹೋಗಿ, ಅವರ ಮೂಲಕ ಸದನದಲ್ಲಿ ಮಂಡನೆಯಾಗಬೇಕು. ಕರ್ನಾಟಕದ ಚರಿತ್ರೆಯಲ್ಲಿ ಇದಕ್ಕೊಂದು ಅಪರೂಪದ ಸಂದರ್ಭ ಒದಗಿತ್ತು. 1984ರಿಂದ 1990ರವರೆಗೆ ಸಿಎಜಿ ಆಗಿದ್ದು, ಬೊಫೋರ್ಸ್ ಫಿರಂಗಿ ಖರೀದಿಯ ವರದಿಯಿಂದ ದೇಶಕ್ಕೆ ಪರಿಚಿತರಾದ ಟಿ.ಎನ್. ಚತುರ್ವೇದಿಯವರು 2002ರಿಂದ 2007ರವರೆಗೆ ನಮ್ಮ ರಾಜ್ಯಪಾಲರಾಗಿದ್ದರು. ಇಂಥ ವರದಿಗಳನ್ನು ಬರೆದು ಕಳಿಸುತ್ತಿದ್ದವರೇ ಅವನ್ನು ಸ್ವೀಕರಿಸುವ ಸ್ಥಾನದಲ್ಲಿ ಕೂತಿದ್ದ ಕಾಲವದು.

ಮಂಡನೆಯಾದ ವರದಿಯಿಂದ ಸಮಿತಿ ಕೆಲವು ಕಂಡಿಕೆಗಳನ್ನು ಆರಿಸಿಕೊಳ್ಳುತ್ತದೆ. ಮಹಾಲೇಖಪಾಲರು ಸಮಿತಿಯ ನೆರವಿಗೆ ಪಕ್ಕದಲ್ಲಿರುತ್ತಾರೆ, ಇಲಾಖೆಯ ಪ್ರಧಾನ ಕಾರ್ಯದರ್ಶಿ ಎದುರಿಗೆ. ಮೇಜಿನ ಈಚೆಗಿರುವ ಶಾಸಕರಲ್ಲಿ ಆಡಳಿತ ಪಕ್ಷದವರೇ ಹೆಚ್ಚು. ಆದರೂ ಕಡತ ಮುಂದಿಟ್ಟುಕೊಂಡು ಕೂತಾಗ ಪಕ್ಷದ ಗೆರೆ ಎಷ್ಟೋ ಮಟ್ಟಿಗೆ ಅಳಿಸಿಹೋಗುತ್ತದೆ ಎಂಬುದು ಈ ಸಮಿತಿಗಳ ಬಗ್ಗೆ ಇರುವ ಒಳ್ಳೆಯ ಮಾತು, ನಿಜವಾದ ಮಾತೂ ಹೌದು. ಶಿಫಾರಸು ಸರ್ಕಾರವನ್ನು ಕಾನೂನಾಗಿ ಕಟ್ಟಿಹಾಕುವುದಿಲ್ಲ. ಸರ್ಕಾರ ತಾನು ಏನು ಕ್ರಮ ಕೈಗೊಂಡೆ ಎಂದು ಮರಳಿ ಬರೆದು ತಿಳಿಸಬೇಕು, ಅಷ್ಟೆ. ಇಡೀ ವ್ಯವಸ್ಥೆ ಸೊರಗುವುದು ಈ ಹಂತದಲ್ಲಿ. ಉತ್ತರ ಬರುವಷ್ಟರಲ್ಲಿ ಅಧಿಕಾರಿ ನಿವೃತ್ತರಾಗಿರುತ್ತಾರೆ, ಗುತ್ತಿಗೆದಾರರು ಬೇರೆ ಊರಿನಲ್ಲಿರುತ್ತಾರೆ, ಕಾಲುವೆ ಮತ್ತೊಮ್ಮೆ ಒಡೆದಿರುತ್ತದೆ.

ಬಳ್ಳಾರಿಯ ಗಣಿಗಳ ವಿಷಯದಲ್ಲಿ ಅಷ್ಟು ನಿಧಾನ ಸಾಧ್ಯವಿರಲಿಲ್ಲ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಹಗಲುರಾತ್ರಿ ಲಾರಿಗಳು ಹೊರಟವು. ಹೊಸಪೇಟೆ, ಸಂಡೂರು, ಬಳ್ಳಾರಿಯ ರಸ್ತೆಗಳ ಪಕ್ಕದ ಗಿಡಮರ ಕೆಂಪಾದವು. ಗುಡ್ಡದಿಂದ ಎಷ್ಟು ಹೋಯಿತು, ಸರ್ಕಾರಕ್ಕೆ ಎಷ್ಟು ಬಂತು ಎಂಬ ಸರಳ ಪ್ರಶ್ನೆಗೆ ಯಾವ ಇಲಾಖೆಯಲ್ಲೂ ಪೂರ್ತಿ ಉತ್ತರವಿರಲಿಲ್ಲ. 2007ರ ಮಾರ್ಚ್‌ನಲ್ಲಿ ಸರ್ಕಾರ ಈ ಪ್ರಶ್ನೆಯನ್ನು ಲೋಕಾಯುಕ್ತಕ್ಕೆ ಒಪ್ಪಿಸಿತು. ಲೋಕಾಯುಕ್ತ ಎಂಬ ಸಂಸ್ಥೆ ಲೆಕ್ಕಪತ್ರ ಸಮಿತಿಯ ಅಂಗವಲ್ಲ. ಆದರೆ ಅದನ್ನು ಕಟ್ಟಿದ್ದು ಇದೇ ವಿಧಾನಮಂಡಲದ 1984ರ ಕಾಯ್ದೆ, ಮತ್ತು ಗಣಿಗಾರಿಕೆಯ ವಿಷಯದಲ್ಲಿ ಅದು ಮಾಡಿದ್ದು ಅಪ್ಪಟ ಲೆಕ್ಕಪರಿಶೋಧನೆ.

ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಲೋಕಾಯುಕ್ತರು, ತನಿಖಾ ತಂಡಕ್ಕೆ ಅರಣ್ಯ ಸೇವೆಯ ಯು.ವಿ. ಸಿಂಗ್ ಅವರು ಮುಂದಾಳು. ಅವರು ಹಿಡಿದ ದಾರಿಯಲ್ಲಿ ಗುಟ್ಟೇನಿರಲಿಲ್ಲ. ಗಣಿ ಇಲಾಖೆಯ ಪರ್ಮಿಟ್, ಅರಣ್ಯ ಇಲಾಖೆಯ ಪಾಸು, ರೈಲ್ವೆಯ ಸಾಗಣೆ ದಾಖಲೆ, ಬಂದರಿನ ದಾಸ್ತಾನು ಪುಸ್ತಕ, ರಫ್ತಿನ ಕಸ್ಟಮ್ಸ್ ಕಾಗದ, ಇವನ್ನು ಒಂದರ ಪಕ್ಕ ಒಂದು ಇಟ್ಟರು. ಹಡಗು ಹತ್ತಿದ ಅದಿರು ಗುಡ್ಡ ಇಳಿಯಲು ಅನುಮತಿ ಸಿಕ್ಕ ಅದಿರಿಗಿಂತ ಬಹಳ ಹೆಚ್ಚಾಗಿತ್ತು. 2006ರಿಂದ 2010ರ ನಡುವೆ ಪರ್ಮಿಟ್ ಇಲ್ಲದೆ ರಫ್ತಾದದ್ದು ಸುಮಾರು 2 ಕೋಟಿ 98 ಲಕ್ಷ ಟನ್, ಅದರ ಬೆಲೆ 12,228 ಕೋಟಿ ರೂಪಾಯಿ, ಒಟ್ಟು ನಷ್ಟ 16,085 ಕೋಟಿ ಎಂದು ವರದಿ ಹೇಳಿತು. ಮೊದಲ ವರದಿ ಬಂದದ್ದು 2008ರ ಡಿಸೆಂಬರಿನಲ್ಲಿ, ಎರಡನೆಯದು 2011ರ ಜುಲೈ 27ರಂದು. ಅನುಬಂಧಗಳೂ ಸೇರಿ ಎರಡನೆಯದು 25 ಸಾವಿರ ಪುಟ ದಾಟಿತ್ತು.

ಈ ಕೆಲಸ ಮಾಡಿದವರಿಗೆ ಆಗ ಸಿಕ್ಕ ಮನ್ನಣೆ ಏನು ಎಂಬುದನ್ನು ಸ್ಮರಣ ಸಂಚಿಕೆಯೊಂದು ಮರೆಯಬಾರದು. 2010ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಅದಿರಿನ ರಾಶಿಗಳನ್ನು ಜಪ್ತಿ ಮಾಡಿತು. ಜಪ್ತಿಯಾದ ಅದಿರಿನಲ್ಲಿ ಬಹುಪಾಲು ಬಂದರಿನಿಂದಲೇ ಕಣ್ಮರೆಯಾಯಿತು. ಜಪ್ತಿ ಮಾಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ, ಆ ವರ್ಷದ ಜೂನ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆದು ಕೆಲಸ ಮುಂದುವರಿಸಿದರು. ಅವರು ಹಿಂತಿರುಗದೆ ಇದ್ದಿದ್ದರೆ ಎರಡನೆಯ ವರದಿ ಅದೇ ಗಟ್ಟಿತನದಲ್ಲಿ ಬರುತ್ತಿತ್ತೆ? ನನಗೆ ಅನುಮಾನವಿದೆ.

ಇನ್ನೊಂದು ಕಡೆಯಿಂದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತ್ತು. 2011ರ ಜುಲೈ 29ರಂದು ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ನಡೆದ ಮರುಅಳತೆಯ ಕಥೆ ಮನ್ರೋನ ಸರಪಳಿಯ ಮುಂದಿನ ಅಧ್ಯಾಯದಂತಿದೆ. ಕೇಂದ್ರ ಉನ್ನತಾಧಿಕಾರ ಸಮಿತಿಯ ಉಸ್ತುವಾರಿಯಲ್ಲಿ ಜಂಟಿ ತಂಡಗಳು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿ ಗುತ್ತಿಗೆಗಳ ಗಡಿಯನ್ನು ಒಂದೊಂದಾಗಿ ಅಳೆದವು. ಉಲ್ಲಂಘನೆಯ ಪ್ರಮಾಣಕ್ಕೆ ತಕ್ಕಂತೆ 45 ಗುತ್ತಿಗೆಗಳು ಎ ವರ್ಗಕ್ಕೆ, 72 ಬಿ ವರ್ಗಕ್ಕೆ, 49 ಸಿ ವರ್ಗಕ್ಕೆ ಬಂದವು. ಗಡಿ ದಾಟಿ ತೋಡಿದ ಗುಂಡಿ ಗುತ್ತಿಗೆ ಪ್ರದೇಶದ ಶೇ 10ಕ್ಕಿಂತ ಹೆಚ್ಚಿದ್ದರೆ, ಅಥವಾ ಗಡಿಯಾಚೆ ಸುರಿದ ಮಣ್ಣಿನ ರಾಶಿ ಶೇ 15 ಮೀರಿದ್ದರೆ ಅದು ಸಿ. ಆ ಗುತ್ತಿಗೆಗಳನ್ನು ರದ್ದು ಮಾಡಬೇಕೆಂದು 2013ರ ಏಪ್ರಿಲ್ 18ರ ತೀರ್ಪು ಹೇಳಿತು. ಬಳ್ಳಾರಿಯಲ್ಲಿ ವರ್ಷಕ್ಕೆ 2.5 ಕೋಟಿ ಟನ್, ಉಳಿದೆರಡು ಜಿಲ್ಲೆ ಸೇರಿ 50 ಲಕ್ಷ ಟನ್ ಎಂಬ ಮಿತಿ ಬಿತ್ತು. ಆ ಮಿತಿಯನ್ನು ಆಮೇಲೆ ಏರಿಸಲಾಗಿದೆ.

ಗುಡ್ಡ ಬಿಟ್ಟುಹೋದ ಅದಿರು ಮರಳಿ ಬರಲಿಲ್ಲ. ಆದರೆ ಹರಾಜಿನಿಂದ, ದಂಡದಿಂದ, ಮಾರಾಟದ ಪಾಲಿನಿಂದ ಕೂಡಿದ ಹಣವನ್ನು ಗಣಿಯಿಂದ ನೊಂದ ಊರುಗಳಿಗೇ ಬಳಸಬೇಕು ಎಂದಾಯಿತು. ಅದಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ಕೆಎಂಇಆರ್‌ಸಿ. ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ. ಮೇಲುಸ್ತುವಾರಿಗೆ 2022ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಶಾಲೆಯ ಕಟ್ಟಡವೋ ಆಸ್ಪತ್ರೆಯೋ ಕುಡಿಯುವ ನೀರಿನ ಪೈಪೋ, ಈ ಹಣದಲ್ಲಿ ಏನೇ ಎದ್ದರೂ ಅದರ ಅಡಿಪಾಯದಲ್ಲಿ ಪರ್ಮಿಟ್ಟನ್ನೂ ಬಂದರಿನ ಪುಸ್ತಕವನ್ನೂ ತಾಳೆ ನೋಡಿದ ಯಾರದೋ ನಿದ್ದೆಗೆಟ್ಟ ರಾತ್ರಿಗಳಿವೆ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಅವರ ಹೆಸರು ಬರುವುದಿಲ್ಲ.

ಹೊರದೇಶಗಳಲ್ಲಿ ಇಂಥ ಕೆಲಸಕ್ಕೆ ಬಹುಮಾನವೇ ಇದೆ. ಅಮೆರಿಕದ ರಾಜ್ಯಗಳಲ್ಲಿ ಶಾಸನಸಭೆಗಳು ತಮ್ಮದೇ ಮೌಲ್ಯಮಾಪನ ಕಚೇರಿಗಳನ್ನು ಇಟ್ಟುಕೊಂಡಿವೆ. ವರ್ಜೀನಿಯಾದಲ್ಲಿ ಅಂಥ ಆಯೋಗ ಹುಟ್ಟಿದ್ದು 1973ರಲ್ಲಿ. ಅಲ್ಲಿನವರು ಬರೀ ಖರ್ಚಿನ ರಸೀದಿ ನೋಡಿ ಬಿಡುವುದಿಲ್ಲ, ಯೋಜನೆಯಿಂದ ಜನಕ್ಕೆ ಆದ ಪ್ರಯೋಜನವನ್ನೂ ಅಳೆಯುತ್ತಾರೆ. ಈ ಕಚೇರಿಗಳ ನೌಕರರ ರಾಷ್ಟ್ರೀಯ ಸಂಘ ಪ್ರತಿವರ್ಷ ಶ್ರೇಷ್ಠತೆಯ ಪ್ರಶಸ್ತಿ ಕೊಡುತ್ತದೆ. ವರದಿಯಿಂದ ನಿಜವಾಗಿ ಏನು ಬದಲಾಯಿತು ಎಂದು ದಾಖಲೆ ಸಮೇತ ತೋರಿಸಿದವರಿಗೆ ಬೇರೆಯೇ ಪ್ರಮಾಣಪತ್ರವಿದೆ. ಈ ಎರಡನೆಯದು ನನಗೆ ಬಹಳ ಹಿಡಿಸಿದೆ. ನಮ್ಮ ವಿಧಾನಸಭೆಯಲ್ಲಿ 2021ರಿಂದ ಅತ್ಯುತ್ತಮ ಶಾಸಕ ಪ್ರಶಸ್ತಿ ಕೊಡುತ್ತಿದ್ದಾರೆ, ಕೊಡಲಿ. ಅದರ ಜೊತೆಗೆ, ವರ್ಷದ ಅತಿ ಉಪಯುಕ್ತ ಲೆಕ್ಕಪರಿಶೋಧನಾ ಕಂಡಿಕೆ ಯಾವುದು, ಅದನ್ನು ಬರೆದ ತಂಡ ಯಾವುದು, ಅದನ್ನು ಬೆನ್ನು ಹತ್ತಿ ಫಲ ತಂದ ಸಮಿತಿಯ ಸದಸ್ಯರು ಯಾರು ಎಂದು ಸದನದಲ್ಲಿ ಹೆಸರಿಟ್ಟು ಹೇಳುವ ಪದ್ಧತಿ ಬರಬೇಕು. ಇದಕ್ಕೆ ದುಡ್ಡು ಬೇಕಿಲ್ಲ, ಅರ್ಧ ದಿನದ ಕಲಾಪ ಸಾಕು. ಮೌಲ್ಯಮಾಪನದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೂ ಅಲ್ಲ. 2011ರಲ್ಲೇ ಇಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಬಂದಿದೆ. ಅದರ ಅಧ್ಯಯನಗಳು ಸದನದ ಚರ್ಚೆಗೆ ಬರುವುದು ಮಾತ್ರ ಅಪರೂಪ.

ಸಿರುಗುಪ್ಪ, ಕುರುಗೋಡು ಕಡೆ ಗಣಿಯ ಕೆಂಪು ಧೂಳಿಗಿಂತ ಕಾಲುವೆಯ ನೀರು ದೊಡ್ಡ ವಿಷಯ. ವಿಜಯನಗರದ ಕಾಲದ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳಿಂದ ಹಿಡಿದು ತುಂಗಭದ್ರೆಯ ಕೆಳಮಟ್ಟದ ಕಾಲುವೆಯವರೆಗೆ ಇಲ್ಲಿಯ ಭತ್ತ ನಿಂತಿರುವುದು ಅಳೆದು ಬಿಡುವ ನೀರಿನ ಮೇಲೆ. ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಈಚಿನ ಸಮೀಕ್ಷೆಯ ಪ್ರಕಾರ ಉಳಿದಿರುವುದು 105.788. ಅಂದರೆ ಸುಮಾರು 27 ಟಿಎಂಸಿ ಅಡಿ ನೀರಿನ ಜಾಗವನ್ನು ಹೂಳು ನುಂಗಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ಇಡೀ ಸೀಮೆ ಎದೆ ಹಿಡಿದುಕೊಂಡಿತ್ತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಿದ ಕೆಲಸಗಾರರನ್ನು ನಾಡು ಕೊಂಡಾಡಿತು, ಕೊಂಡಾಡಲೇಬೇಕಿತ್ತು. ಗೇಟು, ಚೈನುಗಳ ನಿರ್ವಹಣೆಗೆ ವರ್ಷವರ್ಷ ಏನು ಖರ್ಚಾಯಿತು, ಯಾವ ಪರೀಕ್ಷೆ ಯಾವಾಗ ನಡೆಯಿತು ಎಂದು ಮೊದಲೇ ಕೇಳುವವರೂ ಅಷ್ಟೇ ಗೌರವಕ್ಕೆ ಪಾತ್ರರು. ಅವರ ಕೆಲಸ ಫಲಿಸಿದ ವರ್ಷ ಸುದ್ದಿಯಾಗುವಂಥದ್ದೇನೂ ನಡೆಯುವುದಿಲ್ಲ. ಹಾಗಾಗಿ ಅವರನ್ನು ಹುಡುಕಿ ಗೌರವಿಸಬೇಕಾಗುತ್ತದೆ.

ಕುರುಗೋಡು 2018ರಲ್ಲಿ ತಾಲ್ಲೂಕಾಯಿತು. ದೊಡ್ಡಬಸವೇಶ್ವರನ ಊರಿನವರು ಬಹುಕಾಲ ಕಾದು ಪಡೆದದ್ದು ಅದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಎಂಬ ಐದೇ ತಾಲ್ಲೂಕು ನಮ್ಮ ಜಿಲ್ಲೆಯಲ್ಲಿ ಉಳಿದಿವೆ. ಹೊಸ ತಾಲ್ಲೂಕಿನಿಂದ ರೈತನಿಗೆ ಬಳ್ಳಾರಿಗೆ ಓಡಾಡುವುದು ಎಷ್ಟು ತಪ್ಪಿತು, ಯಾವ ಕಚೇರಿಯಲ್ಲಿ ಯಾವ ಹುದ್ದೆ ತುಂಬಿದೆ, ಯಾವ ಕೆಲಸಕ್ಕೆ ಈಗಲೂ ಹಳೆಯ ಊರಿಗೇ ಹೋಗಬೇಕು ಎಂಬುದನ್ನು ಅಳೆದು ನೋಡುವುದು ಕಷ್ಟದ ಕೆಲಸವೇನಲ್ಲ. ವಿಧಾನಮಂಡಲದಲ್ಲಿ ಸ್ಥಳೀಯ ಸಂಸ್ಥೆಗಳು ಮತ್ತು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಬೇರೆ ಸಮಿತಿಯೇ ಇದೆ. ಆ ಸಮಿತಿ ಕುರುಗೋಡಿಗೆ ಬಂದು ಕೂತು ಇದನ್ನು ಕೇಳಲಿ ಎಂಬುದು ನನ್ನ ಆಸೆ.

ಸಮಿತಿ ಬರುವ ತನಕ ಕಾಯಬೇಕಾಗಿಯೂ ಇಲ್ಲ. 2000ದ ನಿಯಮಗಳ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಜಮಾಖರ್ಚು ಜನರ ಮುಂದೆ ಓದಬೇಕು, ಆದ ಕಾಮಗಾರಿಗಳನ್ನು ಸ್ಥಳಕ್ಕೆ ಹೋಗಿ ನೋಡಬೇಕು. ಮನ್ರೋನ ಕಾಲದಲ್ಲಿ ರೈತ ಕೈಕಟ್ಟಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ನಿಂತು ಉತ್ತರ ಹೇಳಬೇಕು. ಆ ದಿನ ಬಹಳ ಕಡೆ ಕುರ್ಚಿಗಳು ಖಾಲಿ ಉಳಿಯುತ್ತವೆ. ಈ ಸಂಚಿಕೆ ಓದುವ ಸಿರುಗುಪ್ಪ, ಕುರುಗೋಡಿನ ಅಣ್ಣತಮ್ಮಂದಿರು, ಅಕ್ಕತಂಗಿಯರು ಬರುವ ಆಗಸ್ಟ್‌ನಲ್ಲಿ ತಮ್ಮ ಪಂಚಾಯಿತಿಯ ತಾರೀಕು ವಿಚಾರಿಸಿಕೊಳ್ಳಲಿ. ಹೋದಾಗ ಒಂದೇ ಕಾಮಗಾರಿಯ ಕಡತ ಕೇಳಲಿ. ಎಂ.ಬಿ.ಯ ಪುಟ ತೆಗೆಸಿ, ಅಲ್ಲಿ ಬರೆದ ಚರಂಡಿಯ ಉದ್ದವನ್ನು ಟೇಪು ಹಿಡಿದು ಅಳೆದು ನೋಡಲಿ. ತಾಳೆಯಾದರೆ ಆ ಎಂಜಿನಿಯರನ್ನು ಸಭೆಯಲ್ಲೇ ಹೆಸರು ಹಿಡಿದು ಅಭಿನಂದಿಸಲಿ, ತಾಳೆಯಾಗದಿದ್ದರೆ ಅದನ್ನು ನಡಾವಳಿಯಲ್ಲಿ ಬರೆಸಿ ಸಹಿ ಹಾಕಿ ಬರಲಿ.